ಬಳ್ಳಿಗೂ ತೂರಾಟಕ್ಕೂ ಏನು ನಂಟು?

ಪ್ರಶ್ನೆ: ಇಂಗ್ಲಿಷ್ ಪದಬಂಧವೊಂದರಲ್ಲಿ ‘ಪರಾವಲಂಬಿ ಬಳ್ಳಿ, ತೂರಾಡುತ್ತ ನಡೆ’ ಎಂಬ ಸುಳಿವಿತ್ತು. ಉತ್ತರ ‘ಡಾಡರ್’. ಬಳ್ಳಿಗೂ ತೂರಾಡುವುದಕ್ಕೂ ಏನು ಸಂಬಂಧ? ನಮ್ಮ ಕುದುರೆ ಮೆಂತೆ ಮಡಿಯಲ್ಲಿ ಹಳದಿ ದಾರದಂಥ ಬಳ್ಳಿ ಹಬ್ಬಿದೆ. ಇದೂ ಅದೇನಾ? ಕಿತ್ತಷ್ಟೂ ಮತ್ತೆ ಬರುತ್ತಿದೆ.

ಉತ್ತರ: ಸಂಬಂಧವಿಲ್ಲ. ಆನೆಯ ‘ಕರಿ’ ಬೇರೆ, ಕಪ್ಪಿನ ‘ಕರಿ’ ಬೇರೆ ಅಲ್ಲವೇ, ಇದೂ ಹಾಗೆಯೇ. ನಿಘಂಟುಗಳು ಎರಡನ್ನೂ ಬೇರೆ ಬೇರೆ ಪದಗಳಾಗಿಯೇ ಕೊಡುತ್ತವೆ. ಬಳ್ಳಿಯ ಹೆಸರು ಮಧ್ಯಕಾಲದ ಇಂಗ್ಲಿಷಿನಲ್ಲೇ ಇತ್ತು. ಜರ್ಮನ್ನಿನಲ್ಲಿ ಮೊಟ್ಟೆಯ ಹಳದಿ ಭಾಗಕ್ಕೆ ‘ಡಾಟರ್’ ಎನ್ನುತ್ತಾರೆ, ಬಣ್ಣದಿಂದಲೇ ಬಳ್ಳಿಗೆ ಆ ಹೆಸರು ಬಂದಿರಬೇಕೆಂದು ಕೆಲವರ ಊಹೆ. ಮುದುಕರು ತಡವರಿಸಿ ನಡೆಯುವುದನ್ನು ಹೇಳುವ ಕ್ರಿಯಾಪದ ಕಾಣಿಸಿಕೊಳ್ಳುವುದು 17ನೇ ಶತಮಾನದಲ್ಲಿ.

ಆದರೆ ಈ ಬಳ್ಳಿಯ ಸಸಿಯನ್ನು ನೋಡಿದವರಿಗೆ ನಂಟು ಕಟ್ಟುವ ಆಸೆ ಬಂದರೆ ತಪ್ಪೇನಿಲ್ಲ. ಮೊಳಕೆಗೆ ಎಲೆಯಿಲ್ಲ, ಹೇಳಿಕೊಳ್ಳುವಂಥ ಬೇರೂ ಇಲ್ಲ. ಬೀಜದಲ್ಲಿದ್ದ ಬುತ್ತಿ ಮುಗಿಯುವ ಕೆಲವೇ ದಿನಗಳಲ್ಲಿ ಆಸರೆ ಸಿಗದಿದ್ದರೆ ಸತ್ತೇ ಹೋಗುತ್ತದೆ. ಹಾಗಾಗಿ ತುದಿಯನ್ನು ಸುತ್ತಲೂ ತಿರುಗಿಸುತ್ತ ಗಿಡಕ್ಕಾಗಿ ತಡಕಾಡುತ್ತದೆ. ಕುರುಡು ತಡಕಾಟವಲ್ಲ ಅದು. ಅಮೆರಿಕದ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು 2006ರಲ್ಲಿ ತೋರಿಸಿದಂತೆ, ಅದು ಟೊಮೆಟೊ ಗಿಡ ಹೊರಸೂಸುವ ವಾಸನೆಯ ಜಾಡು ಹಿಡಿದು ಅತ್ತ ಬಾಗುತ್ತದೆ! ಗಿಡ ಸಿಕ್ಕಿದ ಕೂಡಲೇ ಸುತ್ತಿಕೊಂಡು, ಕಾಂಡದೊಳಕ್ಕೆ ಹೀರುಬೇರು ಇಳಿಸಿ, ನೆಲದ ಋಣ ಕಳಚಿಕೊಳ್ಳುತ್ತದೆ. ಆಮೇಲೆ ನೀರೂ ಆಹಾರವೂ ಆ ಗಿಡದ್ದೇ.

ನಿಮ್ಮ ಮಡಿಯಲ್ಲಿರುವುದೂ ಬಹುಮಟ್ಟಿಗೆ ಅದೇ, ಸಸ್ಯಶಾಸ್ತ್ರದ ‘ಕಸ್ಕ್ಯುಟ’. ಗೆಣಸಿನ ಕುಟುಂಬದ್ದು ಎಂದರೆ ನಂಬುವುದು ಕಷ್ಟ. ಕುದುರೆ ಮೆಂತೆ, ಹುಚ್ಚೆಳ್ಳು, ಈರುಳ್ಳಿ ಇದಕ್ಕೆ ಬಲು ಇಷ್ಟ. ಮಾವಿನ ಕೊಂಬೆಯ ಮೇಲೆ ಹಸಿರೆಲೆ ಬಿಟ್ಟು ಕೂರುವ ಬಂದಳಿಕೆ ಬೇರೆ. ಕರಾವಳಿಯ ಪೊದೆಗಳ ಮೇಲೆ ಹಬ್ಬುವ ಆಕಾಶಬಳ್ಳಿ ನೋಡಲು ಥೇಟ್ ಹೀಗೇ ಇದ್ದರೂ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ್ದು. ಕಸ್ಕ್ಯುಟಕ್ಕೆ ಅಮರಬಳ್ಳಿ ಎಂಬ ಹೆಸರೂ ಇರುವುದರಿಂದ ಅಮೃತಬಳ್ಳಿ ಎಂದುಕೊಂಡು ಕಷಾಯಕ್ಕೆ ಹಾಕಬೇಡಿ.

ಕಿತ್ತಷ್ಟೂ ಬರುವುದೇಕೆಂದರೆ, ಗಿಡಕ್ಕೆ ಅಂಟಿ ಉಳಿದ ಒಂದು ತುಣುಕು ಸಾಕು, ಮತ್ತೆ ಚಿಗುರುತ್ತದೆ. ಬಳ್ಳಿಯನ್ನಷ್ಟೇ ಎಳೆಯದೆ, ಅದು ಹಬ್ಬಿದ ಮೆಂತೆಯನ್ನೂ ನೆಲಮಟ್ಟಕ್ಕೆ ಕೊಯ್ದು, ಅಲ್ಲೇ ಒಣಗಿಸಿ ಸುಡಿ. ಹೂ ಬಿಡುವ ಮೊದಲೇ ಆಗಬೇಕಾದ ಕೆಲಸ ಇದು. ಬೀಜ ಉದುರಿತೋ, ಮಣ್ಣಿನಲ್ಲಿ 10 ವರ್ಷಕ್ಕೂ ಮೀರಿ ಬದುಕಿರಬಲ್ಲದು. ಬೀಜ ಕಟ್ಟಿದ ಬಳ್ಳಿಯನ್ನು ದನಕ್ಕೂ ಹಾಕಬೇಡಿ. ಸಗಣಿಯಲ್ಲಿ ಜೀವಂತ ಹೊರಬಂದು ಗೊಬ್ಬರದ ಜೊತೆ ಇಡೀ ಹೊಲ ಸೇರುತ್ತದೆ.

ಹಾವಳಿ ಹೆಚ್ಚಿದ್ದರೆ ಕೆಲವು ವರ್ಷ ಆ ಮಡಿಯಲ್ಲಿ ರಾಗಿ, ಜೋಳ ಅಥವಾ ಮುಸುಕಿನ ಜೋಳ ಹಾಕಿ. ಹುಲ್ಲಿನ ಜಾತಿಯ ಬೆಳೆಗಳ ಮೇಲೆ ಇದರ ಆಟ ನಡೆಯುವುದಿಲ್ಲ. ಕಳೆನಾಶಕ ಬಳಸುವುದಿದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಬಳಸಿ, ಮೇವಿನ ಬೆಳೆ ನೋಡಿ. ಮತ್ತೆ ಮೆಂತೆ ಹಾಕುವಾಗ ಪ್ರಮಾಣಿತ ಬೀಜವನ್ನೇ ತನ್ನಿ: ಕಸ್ಕ್ಯುಟ ಹೊಲದಿಂದ ಹೊಲಕ್ಕೆ ಹೋಗುವುದು ಹೆಚ್ಚಾಗಿ ಬಿತ್ತನೆ ಬೀಜದ ಚೀಲದಲ್ಲೇ.