ವಠಾರದಲ್ಲಿ ಯಾವ ಬೈಲಾ ಇತ್ತು?

ಪತ್ರ: ನಮ್ಮದು 42 ಮನೆಗಳ ಅಪಾರ್ಟ್‌ಮೆಂಟ್. ಹೊಸ ಕಾರ್ಯದರ್ಶಿ ಮಾತುಮಾತಿಗೂ ಬೈಲಾ, ಅಂದರೆ ಮಾಲೀಕರ ಸಂಘದ ನಿಯಮಾವಳಿ, ತೋರಿಸುತ್ತಾರೆ. ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಹಾಜರಾತಿ, ಇಲ್ಲವೆಂದು ಮೊನ್ನೆ ಸಭೆಯನ್ನೇ ಮುಂದೂಡಿದರು. ನಾವು ವಠಾರದಲ್ಲಿ ಬೆಳೆದವರು. ಅಲ್ಲಿ ಯಾವ ಬೈಲಾ ಇತ್ತು? ನೆರೆಹೊರೆಯಲ್ಲಿ ನಂಬಿಕೆ ಸಾಲದೇ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ವಠಾರದ ಹೆಸರೆತ್ತಿ ನನ್ನ ಬಾಲ್ಯವನ್ನೇ ಕಣ್ಣೆದುರು ತಂದಿರಿ. ನಾನೂ ಅಲ್ಲಿಯೇ ಬೆಳೆದವನು. ಆದರೆ ಸ್ವಾಮಿ, ಅಲ್ಲಿ ನಿಯಮವಿರಲಿಲ್ಲವೇ? ನಲ್ಲಿಯ ಸರದಿ, ರಾತ್ರಿ ಹತ್ತಕ್ಕೆ ಮುಚ್ಚುವ ಮುಂಬಾಗಿಲು, ಅಂಗಳದಲ್ಲಿ ಯಾರು ಎಲ್ಲಿ ಹಪ್ಪಳ ಒಣಗಿಸಬೇಕೆಂಬುದು, ಎಲ್ಲವೂ ಮಾಲೀಕರ ಬಾಯಲ್ಲಿತ್ತು. ಒಪ್ಪದವರು ಮನೆ ಖಾಲಿ ಮಾಡುತ್ತಿದ್ದರು. ನಿಮ್ಮಲ್ಲಿ 42 ಮಾಲೀಕರಿದ್ದಾರೆ. ಯಾರು ಯಾರನ್ನು ಖಾಲಿ ಮಾಡಿಸುತ್ತೀರಿ?

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಈ ತೊಡಕನ್ನು ಚೆನ್ನಾಗಿ ಅರಿತಿದೆ. ಮೆಟ್ಟಿಲು, ತಾರಸಿ, ಸಂಪುಗಳಲ್ಲಿ ಪ್ರತಿ ಫ್ಲ್ಯಾಟಿಗೂ ಬೇರ್ಪಡಿಸಲಾಗದ ಪಾಲು ಉಂಟು. ಖರ್ಚೂ ಆ ಪಾಲಿನಂತೆಯೇ. ನೆಲಮಹಡಿಯವರು ‘ನಾನು ಲಿಫ್ಟ್ ಹತ್ತುವುದೇ ಇಲ್ಲ, ದುಡ್ಡು ಕೊಡುವುದಿಲ್ಲ’ ಎನ್ನುವಂತಿಲ್ಲ. ಕಟ್ಟಡದ ವಿವರ ಮತ್ತು ಪ್ರತಿ ಫ್ಲ್ಯಾಟಿನ ಪಾಲನ್ನು ಘೋಷಿಸಿ ನೋಂದಣಿಯಾಗುವ ಪತ್ರಕ್ಕೆ, ಅಂದರೆ ಡೀಡ್ ಆಫ್ ಡಿಕ್ಲರೇಷನ್‌ಗೆ, ಬೈಲಾವನ್ನು ಲಗತ್ತಿಸಬೇಕೆಂದು ಆ ಕಾಯ್ದೆ ಹೇಳುವುದು ಸುಮ್ಮನೆ ಅಲ್ಲ.

ಬೈಲಾ ಹಿಡಿದು ದರ್ಬಾರು ನಡೆಸುವವರೂ ಇದ್ದಾರೆ, ಒಪ್ಪುತ್ತೇನೆ. ಬಹುಮತವಿದ್ದರೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯೇ ಮಾರ್ಗಸೂಚಿ ಹೊರಡಿಸಬೇಕಾಯಿತು. ಆದರೆ ನಂಬಿಕೆಯ ಮೇಲೆಯೇ ಎಲ್ಲ ನಡೆದಾಗ ಏನಾಗುತ್ತದೆಂದು ನಾನು ಕಂಡಿದ್ದೇನೆ.

ನಮ್ಮ ಕಟ್ಟಡದ ಅಧ್ಯಕ್ಷರಾಗಿದ್ದ ಹಿರಿಯರೊಬ್ಬರು ಅಪ್ಪಟ ಪ್ರಾಮಾಣಿಕರು. ಒಂಬತ್ತು ವರ್ಷ ಅವರೇ ಅಧ್ಯಕ್ಷರು, ಅವರೇ ಖಜಾಂಚಿ. ಚುನಾವಣೆಯಿಲ್ಲ, ಲೆಕ್ಕಪರಿಶೋಧನೆಯಿಲ್ಲ, ಬ್ಯಾಂಕಿನಲ್ಲಿ ಅವರೊಬ್ಬರದೇ ಸಹಿ. ಒಂದು ಬೆಳಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಹಣ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತು, ಲಿಫ್ಟ್ ನಾಲ್ಕು ತಿಂಗಳು ನಿಂತಿತು. ಹನ್ನೊಂದನೆಯ ದಿನ ಕಳೆಯುವ ಮೊದಲೇ ಯಾರೋ ಅವರ ಪತ್ನಿಯ ಬಳಿ ಹೋಗಿ ಲೆಕ್ಕ ಕೇಳಿದರು. ಆಕೆ ಅವರ ಡೈರಿಗಳನ್ನು ತಂದು, ಮಾತನಾಡದೆ ಮೇಜಿನ ಮೇಲಿಟ್ಟರು. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆ ಅವಮಾನದಿಂದ ಆಕೆಯನ್ನು ಕಾಪಾಡಲು ವರ್ಷಕ್ಕೊಂದು ಆಡಿಟ್ ಸಾಕಾಗಿತ್ತು.

ನನ್ನ ನಿಜವಾದ ಸಿಟ್ಟು ಇರುವುದು ಬೇರೆಡೆ. ಬಿಲ್ಡರನ ವಕೀಲರು ಎಲ್ಲಿಂದಲೋ ನಕಲು ಮಾಡಿದ ಇಂಗ್ಲಿಷ್ ಬೈಲಾಕ್ಕೆ ನಾವು ಓದದೆ ಸಹಿ ಹಾಕುತ್ತೇವೆ. ಟೈಲ್ಸ್‌ನ ಬಣ್ಣ ಆರಿಸಲು ನಾಲ್ಕು ಭಾನುವಾರ ಕೊಟ್ಟವರಿಗೆ ಅದನ್ನು ಓದಲು ಒಂದು ಸಂಜೆಯಿಲ್ಲ. ಕನ್ನಡದಲ್ಲಿ ಕೊಡಿ ಎಂದು ಕೇಳುವವರೂ ಇಲ್ಲ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಯಾರ ದನಿ ದೊಡ್ಡದೋ ಅವರದೇ ಕಾನೂನು.

ಪತ್ರದಲ್ಲಿ ಒಂದು ವಿಷಯವನ್ನು ನೀವು ಬರೆದಿಲ್ಲ. ಕೋರಂ ಇಲ್ಲದ ಆ ಸಭೆಗೆ ನೀವು ಹೋಗಿದ್ದಿರಾ? ಮುಂದಿನ ಸಭೆಗೆ ಹೋಗಿ. ಅದಕ್ಕೆ ಮೊದಲು ಕಾರ್ಯದರ್ಶಿಯವರಿಂದ ಬೈಲಾದ ಪ್ರತಿ ಪಡೆದು ಓದಿ. ಒಪ್ಪಿಗೆಯಾಗದ ಕಲಮು ಕಂಡರೆ ತಿದ್ದುಪಡಿಗೆ ನೋಟಿಸು ಕೊಡಿ.