25 ಸಾವಿರದ ಡ್ಯಾಕ್ ಪಕ್ಕಕ್ಕಿಡಿ, ಮೊದಲು ಸ್ಪೀಕರ್ ವೈರ್ ನೋಡಿ

ಡ್ಯಾಕೂ ಬೇಡ, ಲಾಸ್‌ಲೆಸ್ಸೂ ಬೇಡ. ಇವತ್ತಂತೂ ಬೇಡ.

ನಿಮ್ಮ ಪ್ರಶ್ನೆ ಓದಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಫೋನಿಂದ ಬ್ಲೂಟೂತ್‌ನಲ್ಲಿ ಆಂಪ್‌ಗೆ (ಆಂಪ್ಲಿಫೈಯರ್), ಅಲ್ಲಿಂದ ಎರಡು ಬುಕ್‌ಶೆಲ್ಫ್ ಸ್ಪೀಕರ್‌ಗೆ. ಹಾಡು ತೆಳ್ಳಗೆ, ಬೇಸ್ ಇಲ್ಲ, ಇಯರ್‌ಫೋನಿನಲ್ಲಿ ಮಾತ್ರ ಚೆನ್ನಾಗಿದೆ. 25 ಸಾವಿರದ ಡ್ಯಾಕ್ (ಫೋನಿನ ಅಂಕಿಯ ಹಾಡನ್ನು ಕರೆಂಟಿನ ಅಲೆ ಮಾಡುವ ಪೆಟ್ಟಿಗೆ) ತಗೊಳ್ಳಲಾ, ಲಾಸ್‌ಲೆಸ್ (ಏನೂ ಕಳೆಯದೆ ಬರುವ ಹಾಡು) ಇರುವ ಆ್ಯಪ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಇದು 2020ರ ನಾನೇ!

ಲಾಕ್‌ಡೌನ್ ಸಮಯ. ಮೈಸೂರಿನ ನಮ್ಮ ಮನೆಯ ಹಾಲ್ ಹನ್ನೆರಡಕ್ಕೆ ಹದಿನಾಲ್ಕು ಅಡಿ. ಆಫೀಸಿಗೆ ಓಡಾಡುವ ಪೆಟ್ರೋಲ್ ದುಡ್ಡು ಉಳಿಯುತ್ತಿತ್ತು. ಒಂದು ಸ್ಟೀರಿಯೋ ಆಂಪು, ಒಂದು ಜೊತೆ ಸ್ಪೀಕರ್ ತರಿಸಿದೆ. ಸ್ಪೀಕರ್‌ಗಳನ್ನು ಶೋಕೇಸಿನಲ್ಲಿ, ದಸರಾ ಬೊಂಬೆ ಕೂರಿಸುವ ಮೇಲಿನ ಅರೆಯ ಎರಡು ತುದಿಗೆ ಇಟ್ಟೆ. ವೈರ್ ಎಳೆದೆ, ಬ್ಲೂಟೂತ್ ಸೇರಿಸಿದೆ, ಪಿ. ಬಿ. ಶ್ರೀನಿವಾಸ್ ಹಾಡು ಹಾಕಿದೆ. ಶಬ್ದ ಬಂತು. ಶಬ್ದ ಬಂತು ಅಂದರೆ ಎಲ್ಲ ಸರಿ ಇದೆ ಅಂದುಕೊಂಡೆ. ನಾನು ಎಡವಿದ್ದು ಇಲ್ಲೇ. ಇದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ದಿನ ನಮ್ಮ ಅತ್ತೆ ಕೇಳಿದರು, "ಹಾಡೋರು ಎಲ್ಲಿ ಕೂತಿದ್ದಾರೋ ಗೊತ್ತೇ ಆಗಲ್ವಲ್ಲ? ನಮ್ಮ ಹಳೇ ರೇಡಿಯೋದಲ್ಲಿ ಎದುರಿಗೇ ಕೂತು ಹಾಡ್ದಂಗಿರ್ತಿತ್ತು." ಹಳೇ ಕಾಲದವರು, ರೇಡಿಯೋ ಮೇಲೆ ಮೋಹ ಅಂತ ಸುಮ್ಮನಾದೆ. ಹೆಂಡತಿ ಇನ್ನೊಂದು ಮಾತು ಹೇಳಿದಳು: "ಅಡುಗೆಮನೆ ಬಾಗಿಲ ಹತ್ರ ನಿಂತ್ರೆ ಚೆನ್ನಾಗಿ ಕೇಳತ್ತೆ, ಸೋಫಾ ಮೇಲೆ ಕೂತ್ರೆ ಏನೋ ಕಮ್ಮಿ." ಅದಕ್ಕೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇಬ್ಬರೂ ರೋಗದ ಹೆಸರು ಒಂದು ಬಿಟ್ಟು ಉಳಿದೆಲ್ಲ ಹೇಳಿದ್ದರು. ನಾನು ಇಂಟರ್ನೆಟ್ಟಿನಲ್ಲಿ ಅಂಕಿ ಓದುತ್ತಾ ಕೂತಿದ್ದೆ.

ಎಂಥ ಅಂಕಿ ಅಂದರೆ, ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್. ಸ್ಪಾಟಿಫೈನಲ್ಲಿ ಆಗ ದುಡ್ಡು ಕೊಟ್ಟರೂ ಹೆಚ್ಚೆಂದರೆ 320. ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ಕೋಡೆಕ್‌ನಲ್ಲಿ (ಹಾಡನ್ನು ಹಿಂಡಿ ಕಳಿಸುವ ವಿಧಾನ) ಸುಮಾರು 328. ಓಹೋ, ನಾಲ್ಕರಲ್ಲಿ ಮೂರು ಪಾಲು ಹಾಡು ದಾರಿಯಲ್ಲೇ ಸೋರಿಹೋಗುತ್ತಿದೆ, ಅದಕ್ಕೇ ತೆಳ್ಳಗಿದೆ ಅಂತ ಲೆಕ್ಕ ಹಾಕಿದೆ. ಆದರೆ ಅದೇ ಫೋನು, ಅದೇ ಹಾಡು, ಅದೇ 320, ಇಯರ್‌ಫೋನಿನಲ್ಲಿ ತುಂಬಿಕೊಂಡು ಕೇಳುತ್ತಿತ್ತು. ಅಲ್ಲಿಗೇ ಉತ್ತರ ಸಿಕ್ಕಿತ್ತು ಅಲ್ವಾ? ಹಾಡು ಫೋನಿನವರೆಗೆ ಸರಿಯಾಗಿ ಬರುತ್ತಿದೆ, ತೊಂದರೆ ಅಲ್ಲಿಂದ ಮುಂದೆ ಇದೆ. ನೀವೂ ಇಯರ್‌ಫೋನಿನ ವಿಷಯ ಬರೆದಿದ್ದೀರಿ. ಬರೆದು ಮುಂದಿನ ಸಾಲಿನಲ್ಲೇ ಲಾಸ್‌ಲೆಸ್ ಕೇಳಿದ್ದೀರಿ. ನನಗೆ ನಗು ಬಂದಿದ್ದು ಅದಕ್ಕೇ.

2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಲಾಸ್‌ಲೆಸ್ ಕೊಡಲು ಶುರು ಮಾಡಿತು. ನಾನು ಅದಕ್ಕೆ ಹಾರಿದೆ. ಬ್ಲೂಟೂತ್ ಬಿಟ್ಟು 18,500 ರೂಪಾಯಿಯ ಡ್ಯಾಕ್ ತಂದೆ, ಅದನ್ನು ಫೋನಿಗೆ ಸಿಕ್ಕಿಸಲು ಒಟಿಜಿ ಕೇಬಲ್ ಹಾಕಿದೆ. ವ್ಯತ್ಯಾಸ? ಮೊದಲ ವಾರ "ಇದೆ" ಅಂತ ನನ್ನನ್ನೇ ನಂಬಿಸಿಕೊಂಡೆ. ಎರಡನೇ ವಾರ ಮತ್ತೆ ಅದೇ ತೆಳ್ಳಗಿನ ಹಾಡು. ಆಂಪ್ ದುರ್ಬಲ ಇರಬೇಕು ಅಂತ ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ಹನ್ನೊಂದು ಸಾವಿರ ಹಾಕಿ ದೊಡ್ಡದು ತಂದೆ. ಅದೇ ಕಥೆ. ಬೇಸ್ ಇಲ್ಲ ಅಂದಮೇಲೆ ಸಬ್‌ವೂಫರ್ ಬೇಕು ಅಂತ ಇನ್ನೊಂದು ಹದಿನಾಲ್ಕು ಸಾವಿರ. ಈಗ ಕಿಟಕಿ ಗಾಜು ನಡುಗುವಷ್ಟು ಗುಮ್ಮೋ ಅನ್ನುವ ಬೇಸ್ ಬಂತು. ಹಾಡುವವರು ಎಲ್ಲಿ ಕೂತಿದ್ದಾರೆ ಅನ್ನುವುದು ಮಾತ್ರ ಆಗಲೂ ಗೊತ್ತಾಗಲಿಲ್ಲ. ಕೆಳಗಿನ ಮನೆಯವರು ಬಂದು ಹೋದರು, ಅದೊಂದು ಲಾಭ.

2022ರ ಗಣೇಶನ ಹಬ್ಬ. ನಮ್ಮ ಬೀದಿಯ ಗಣಪತಿಗೆ ಮೈಕ್ ಸೆಟ್ ಹಾಕುವ ಹುಡುಗ ಒಂದು ಪ್ಲಗ್ ಪಾಯಿಂಟ್ ಕೇಳಿಕೊಂಡು ಮನೆಗೆ ಬಂದ. ಹಾಲ್‌ನಲ್ಲಿ ಹಾಡು ನಡೆಯುತ್ತಿತ್ತು. ಅವನು ಎಕ್ಸ್‌ಟೆನ್ಷನ್ ವೈರ್ ಕಿಟಕಿಯಿಂದ ಹೊರಗೆ ಬಿಡುತ್ತಾ, ತಲೆಯನ್ನೂ ತಿರುಗಿಸದೆ, "ಸಾರ್, ನಿಮ್ದು ಒಂದು ಬಾಕ್ಸ್ ಉಲ್ಟಾ ಇದೆ" ಅಂದ.

ನಾನು ಸ್ಪೀಕರ್ ತಲೆಕೆಳಗಾಗಿದೆಯಾ ಅಂತ ನೋಡಿದೆ.

"ಅದಲ್ಲ ಸಾರ್, ಲೈನ್ ಉಲ್ಟಾ. ಒಂದು ಸೆಲ್ ಕೊಡಿ." ಟಿವಿ ರಿಮೋಟ್ ಸಿಗಲಿಲ್ಲ, ಗೋಡೆ ಗಡಿಯಾರದ ಸೆಲ್ ತೆಗೆದು ಕೊಟ್ಟೆ. ಆಂಪ್ ಆಫ್ ಮಾಡಿ, ಆಂಪ್ ಹಿಂದಿನಿಂದ ವೈರ್ ಬಿಚ್ಚಿದ. ಸ್ಪೀಕರಿನ ಮುಂದಿನ ಜಾಲರಿ ತೆಗೆಯಲು ಹೇಳಿದ. ಬಲಗಡೆಯ ವೈರಿನ ಎರಡು ತುದಿಯನ್ನು ಸೆಲ್ಲಿನ ಎರಡು ಕಡೆಗೆ ಮುಟ್ಟಿಸಿದ. "ಟಪ್." ಕೋನ್ (ಸ್ಪೀಕರಿನಲ್ಲಿ ಅದುರುವ ಬಟ್ಟಲಿನಂಥ ಭಾಗ) ಒಂದು ಕೂದಲಷ್ಟು ಮುಂದಕ್ಕೆ ಬಂತು. ಎಡಗಡೆಯದಕ್ಕೂ ಹಾಗೇ ಮುಟ್ಟಿಸಿದ. "ಟಪ್." ಇದು ಒಳಕ್ಕೆ ಹೋಯಿತು. ನಾನೇ ಕಣ್ಣಾರೆ ನೋಡಿದೆ. ಅವನು ಆ ವೈರ್ ಅದಲುಬದಲು ಮಾಡಿ ಆಂಪ್‌ಗೆ ಸಿಕ್ಕಿಸಿ, ಪ್ಲಗ್ ಪಾಯಿಂಟಿಗೆ ಥ್ಯಾಂಕ್ಸ್ ಹೇಳಿ ಹೋದ. ಎರಡು ನಿಮಿಷದ ಕೆಲಸ. ಹಾಡು ಹಾಕಿದೆ. ಪಿ. ಬಿ. ಶ್ರೀನಿವಾಸ್ ಎರಡೂ ಸ್ಪೀಕರಿನ ನಡುವೆ, ಟಿವಿಯ ಮುಂದೆ ಬಂದು ನಿಂತರು. ಅತ್ತೆ ಒಳಗಿನಿಂದ ಬಂದು, "ಈಗ ಬಂದ್ರು ನೋಡು" ಅಂದರು.

ಈಗ ಈ ಉಲ್ಟಾ ಅಂದರೇನು ಅಂತ ಸ್ವಲ್ಪ ಉದ್ದ ಕೊರೆಯುತ್ತೇನೆ. ನಲವತ್ತಮೂರು ಸಾವಿರ ಚಿಲ್ಲರೆ ಕೊಟ್ಟು ಕಲಿತ ಪಾಠ, ಕೊರೆಯುವ ಹಕ್ಕು ನನಗಿದೆ.

ಸ್ಪೀಕರ್ ಹಿಂದೆ ಕೆಂಪು, ಕಪ್ಪು ಎರಡು ಟರ್ಮಿನಲ್ ಇರುತ್ತವೆ. ಆಂಪ್ ಹಿಂದೆಯೂ ಹಾಗೇ. ಕೆಂಪಿನಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ಹೋಗಬೇಕು. ಒಂದು ಸ್ಪೀಕರಿನಲ್ಲಿ ಇದು ಅದಲುಬದಲಾದರೆ ಏನೂ ಸುಡುವುದಿಲ್ಲ, ಹೊಗೆ ಬರುವುದಿಲ್ಲ, ಶಬ್ದವೂ ನಿಲ್ಲುವುದಿಲ್ಲ. ಅದಕ್ಕೇ ಇದು ಅಪಾಯ. ಎಡಗಡೆಯ ಕೋನ್ ಗಾಳಿಯನ್ನು ಮುಂದೆ ದೂಡುವ ಹೊತ್ತಿಗೆ ಬಲಗಡೆಯದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎರಡರ ನಡುವೆ ಕೂತ ನಿಮಗೆ ಒಂದರ ಕೆಲಸವನ್ನು ಇನ್ನೊಂದು ಅಳಿಸಿ ಹಾಕುತ್ತದೆ.

ಹಾಗಾದರೆ ಪೂರ್ತಿ ಶಬ್ದ ಯಾಕೆ ಹೋಗುವುದಿಲ್ಲ, ಬೇಸ್ ಮಾತ್ರ ಯಾಕೆ? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬೇಸ್ ಅಂದರೆ ನಿಧಾನ ಅದುರುವ ಶಬ್ದ. 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಅದುರುವ) ಒಂದು ಅಲೆಯ ಉದ್ದ ಸುಮಾರು 5.7 ಮೀಟರ್, ನಮ್ಮ ಹಾಲ್‌ಗಿಂತ ಉದ್ದ. ಅಷ್ಟು ಉದ್ದದ ಅಲೆಗೆ ಐದಾರು ಅಡಿ ದೂರದ ಎರಡು ಸ್ಪೀಕರ್ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಇದ್ದ ಹಾಗೆ. ಒಂದು ದೂಡಿ ಒಂದು ಎಳೆದರೆ ಲೆಕ್ಕ ಚುಕ್ತಾ. 3000 ಹರ್ಟ್ಸ್‌ನ ಅಲೆ ಹನ್ನೊಂದು ಸೆಂಟಿಮೀಟರ್ ಅಷ್ಟೇ. ನೀವು ತಲೆ ಸ್ವಲ್ಪ ಅಲ್ಲಾಡಿಸಿದರೂ ಅದರ ಲೆಕ್ಕ ಬದಲಾಗುತ್ತದೆ, ಗೋಡೆಗೆ ಬಡಿದು ಬಂದದ್ದು ಬೇರೆ ಸೇರುತ್ತದೆ, ಹಾಗಾಗಿ ಅದು ಪೂರ್ತಿ ಅಳಿಯುವುದಿಲ್ಲ. ತಬಲಾದ ಬಾಯಾ ಮಾಯ, ತಾಳದ ಕಿಣಿಕಿಣಿ ಹಾಗೇ ಉಳಿಯುತ್ತದೆ. ಅದನ್ನೇ ನಾವು ತೆಳ್ಳಗೆ ಅನ್ನುವುದು.

ಇನ್ನೊಂದು. ಹಳೆಯ ಸಿನಿಮಾ ಹಾಡುಗಳು ಬಹುಪಾಲು ಮೋನೋ, ಎಡಕ್ಕೂ ಬಲಕ್ಕೂ ಒಂದೇ ಶಬ್ದ ಹೋಗುತ್ತದೆ. ಒಂದೇ ಶಬ್ದವಾದರೆ ಅಳಿಸಿಹೋಗುವುದೂ ಜಾಸ್ತಿ. ಅಡುಗೆಮನೆ ಬಾಗಿಲಲ್ಲಿ ನಿಂತರೆ ಒಂದು ಸ್ಪೀಕರ್ ಹತ್ತಿರ, ಒಂದು ದೂರ, ಹಾಗಾಗಿ ಅಳಿಸುವುದು ಕಮ್ಮಿ. ಹೆಂಡತಿ ಹೇಳಿದ್ದು ನೂರಕ್ಕೆ ನೂರು ಸರಿ.

ತಪ್ಪು ಆಗಿದ್ದು ಹೇಗೆ ಗೊತ್ತಾ? ಪಾರದರ್ಶಕ ಜೋಡಿ ವೈರ್, ಒಳಗೆ ಎರಡೂ ತಾಮ್ರದ ಬಣ್ಣ. ಒಂದು ಎಳೆಯ ಮೇಲೆ ಸಣ್ಣ ಕೆಂಪು ಗೀಟು ಇರುತ್ತದೆ, ಅಷ್ಟೇ ಗುರುತು. ಶೋಕೇಸಿನ ಹಿಂದೆ ಕೈ ತೂರಿಸಿ, ಫೋನಿನ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಎಡಗಡೆಯ ಸ್ಪೀಕರಿಗೆ ಸಿಕ್ಕಿಸುವಾಗ ಗೀಟು ಕಾಣಲಿಲ್ಲ. ಯಾವುದೋ ಒಂದು ಅಂತ ಸಿಕ್ಕಿಸಿದೆ. ಆಮೇಲೆ ಡ್ಯಾಕ್ ಬಂತು, ಆಂಪ್ ಬದಲಾಯಿತು. ಪ್ರತಿ ಸಲ ನಾನು ಬಿಚ್ಚಿ ಹಾಕಿದ್ದು ಆಂಪ್ ಕಡೆಯ ತುದಿ, ಅದೂ ಗೀಟು ನೋಡಿ, ಬಹಳ ಜೋಪಾನವಾಗಿ. ತಪ್ಪಿದ್ದ ಸ್ಪೀಕರ್ ಕಡೆಯ ತುದಿಯನ್ನು ಎರಡು ವರ್ಷ ಮುಟ್ಟಲೇ ಇಲ್ಲ. ಪೆಟ್ಟಿಗೆ ಯಾವುದು ಬದಲಾದರೂ ತಪ್ಪು ಮಾತ್ರ ಭದ್ರ.

ನಿಮ್ಮ ವೈರ್ ಎಲೆಕ್ಟ್ರಿಷಿಯನ್ ಗೋಡೆಯೊಳಗಿನ ಪೈಪಿನಲ್ಲಿ ಎಳೆದಿದ್ದಾರೆ ಅಂತ ಬರೆದಿದ್ದೀರಿ. ನನಗೆ ಅನುಮಾನ ಇನ್ನೂ ಜಾಸ್ತಿಯಾಗಿದ್ದು ಅಲ್ಲಿ. ಮಧ್ಯೆ ಜಾಯಿಂಟ್ ಇದ್ದರೆ ಎರಡು ತುದಿಯ ಬಣ್ಣ ನೋಡಿ ಏನೂ ಹೇಳಲಾಗದು. ಮೊದಲು ಸುಲಭದ ಪರೀಕ್ಷೆ ಮಾಡಿ. ಒಂದು ಹಳೇ ಹಾಡು ಹಾಕಿ, ನಡುವೆ ಕೂತು, ಆಂಪಿನ ಬ್ಯಾಲೆನ್ಸ್ ಗುಂಡಿ ಪೂರ್ತಿ ಎಡಕ್ಕೆ ತಿರುಗಿಸಿ. ಒಂದು ಸ್ಪೀಕರ್ ಮುಚ್ಚಿಹೋದರೂ ಬೇಸ್ ಜಾಸ್ತಿಯಾಯಿತಾ? ಹಾಗಿದ್ದರೆ ಉಲ್ಟಾ ಇದೆ, ಇನ್ನೇನೂ ಯೋಚಿಸಬೇಡಿ. ಆಮೇಲೆ ಸೆಲ್ ಪರೀಕ್ಷೆ: ಆಂಪ್ ಆಫ್ ಮಾಡಿ, ವೈರಿನ ಆಂಪ್ ಕಡೆಯ ತುದಿ ಬಿಚ್ಚಿ, 1.5 ವೋಲ್ಟ್ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಸೆಲ್ಲಿನ ಪ್ಲಸ್ ಯಾವ ಎಳೆಗೆ ಮುಟ್ಟಿದಾಗ ಕೋನ್ ಹೊರಗೆ ಬರುತ್ತದೋ ಆ ಎಳೆಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ಅದನ್ನೇ ಆಂಪಿನ ಕೆಂಪಿಗೆ ಸಿಕ್ಕಿಸಿ. ಒತ್ತಿ ಹಿಡಿದುಕೊಂಡು ಕೂರಬೇಡಿ.

ಅದು ಸರಿ ಇದ್ದರೆ ಮುಂದಿನ ಅನುಮಾನ ಜಾಗದ ಮೇಲೆ. ಸ್ಪೀಕರನ್ನು ಶೋಕೇಸಿನ ಹೊಟ್ಟೆಯೊಳಗೆ ತುರುಕಬೇಡಿ, ಮರದ ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಟ್ಟ ಹಾಗೆ, ಗುಂಯ್ ಅನ್ನುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ಗಟ್ಟಿ ಸ್ಟೂಲ್ ಸಾಕು, ಗೋಡೆಯಿಂದ ಒಂದಡಿ ಮುಂದೆ, ಟ್ವೀಟರ್ (ಬಾಕ್ಸಿನೊಳಗಿನ, ಕೀಚಲು ಶಬ್ದದ ಸಣ್ಣ ಸ್ಪೀಕರ್) ನಿಮ್ಮ ಕಿವಿಯ ಎತ್ತರಕ್ಕೆ. ಹಾಲ್‌ನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟ್ರಿಂಗ್ ಅಂತ ಬಾಲ ಬಂದರೆ ನಿಮ್ಮ ವಿಟ್ರಿಫೈಡ್ ಟೈಲ್ಸು, ಬೋಳು ಗೋಡೆ ಹಾಡನ್ನು ಹಾಳು ಮಾಡುತ್ತಿವೆ. ಅಟ್ಟದ ಮೇಲಿನ ಜಮಖಾನ ಇಳಿಸಿ ಸ್ಪೀಕರ್ ಮುಂದೆ ಹಾಸಿ. ದಪ್ಪ ಕರ್ಟನ್ ಹಾಕಿ. ಇದಕ್ಕೆ ಆಗುವ ಖರ್ಚು ನಿಮ್ಮ ಡ್ಯಾಕಿನ ಕಾಲು ಭಾಗವೂ ಇಲ್ಲ.

ಆ್ಯಪ್‌ನಲ್ಲಿ ವೈಫೈ ಕ್ವಾಲಿಟಿ ಆಟೋಮ್ಯಾಟಿಕ್ ಅಂತ ಇದ್ದರೆ ಎಲ್ಲಕ್ಕಿಂತ ಮೇಲಿನದಕ್ಕೆ ಹಾಕಿ, ಡೇಟಾ ಸೇವರ್ ತೆಗೆಯಿರಿ. ಫೋನಿನ ಸೌಂಡ್ ಎಫೆಕ್ಟ್, ಈಕ್ವಲೈಜರ್ ಎಲ್ಲ ಆಫ್.

ಬ್ಲೂಟೂತ್ ಬಗ್ಗೆ ನನ್ನ ಅಭಿಪ್ರಾಯ: ಪಾಪ, ಅದನ್ನು ಅತಿಯಾಗಿ ಬೈಯುತ್ತಾರೆ. ಅದಿಲ್ಲದೆ ಕೇಳಬೇಕೆಂದರೆ ಹಳೇ ಫೋನಿನ 3.5 ಎಂಎಂ ಜ್ಯಾಕಿನಿಂದ ಆಂಪಿಗೆ ಮುನ್ನೂರು ರೂಪಾಯಿಯ ಕೇಬಲ್ ಹಾಕಿ. ಇಲ್ಲವೇ ಆಂಪಿನಲ್ಲಿ ಕ್ರೋಮ್‌ಕಾಸ್ಟ್ ಅಥವಾ ಸ್ಪಾಟಿಫೈ ಕನೆಕ್ಟ್ ಇದೆಯಾ ನೋಡಿ. ಅಲ್ಲಿ ಫೋನ್ ಬರೀ ರಿಮೋಟ್, ಆಂಪ್ ತಾನೇ ಇಂಟರ್ನೆಟ್ಟಿನಿಂದ ಹಾಡು ಎಳೆದುಕೊಳ್ಳುತ್ತದೆ, ಕರೆ ಬಂದರೆ ಹಾಡು ನಿಲ್ಲುವುದೂ ಇಲ್ಲ. ಲಾಸ್‌ಲೆಸ್‌ಗೆ ದುಡ್ಡು ಕಟ್ಟಿ ಅದನ್ನು ಎಸ್‌ಬಿಸಿ ಬ್ಲೂಟೂತ್‌ನಲ್ಲಿ ಕೇಳುವುದು ಮಾತ್ರ ಗಟ್ಟಿ ಹಾಲು ತಂದು ಅರ್ಧ ಚೊಂಬು ನೀರು ಸುರಿದ ಹಾಗೆ. ಬ್ಲೂಟೂತ್ ಅದನ್ನು ಮತ್ತೆ ಹಿಂಡಿಯೇ ಕಳಿಸುವುದು.

ಹಳೇ ಕನ್ನಡ ಹಾಡು ಕೇಳುವವರಾದರೆ ಇದನ್ನೂ ನೋಡಿ. ಒಂದೇ ಹಾಡು ಎರಡು ಮೂರು ಆಲ್ಬಮ್‌ನಲ್ಲಿ ಇರುತ್ತದೆ. ಒಂದರಲ್ಲಿ ಕರಕರ ಶಬ್ದ ತೆಗೆಯಲು ಹೋಗಿ ವೀಣೆಯ ಮಿಂಚನ್ನೂ ಉಜ್ಜಿ ಹಾಕಿರುತ್ತಾರೆ, ಇನ್ನೊಂದರಲ್ಲಿ ಸುಮ್ನೆ ಎಕೋ ತುಂಬಿರುತ್ತಾರೆ. ಮೂರನ್ನೂ ಕೇಳಿ ಒಳ್ಳೆಯದನ್ನು ಆರಿಸಿಕೊಳ್ಳಿ. ಲಾಸ್‌ಲೆಸ್ಸಿನಿಂದ ನನಗೆ ಕೇಳಿಸದ ವ್ಯತ್ಯಾಸ ಇಲ್ಲಿ ಮೊದಲ ಸಾಲಿಗೇ ಕೇಳಿಸಿತು.

ಡ್ಯಾಕ್ ಕೆಟ್ಟದ್ದು ಅಂತಲ್ಲ. ಅಂಕಿಯಲ್ಲಿರುವ ಹಾಡನ್ನು ಕರೆಂಟಿನ ಅಲೆಯಾಗಿ ಮಾಡುವುದು ಅದರ ಕೆಲಸ. ಆದರೆ ನಿಮ್ಮ ಬ್ಲೂಟೂತ್ ಆಂಪಿನೊಳಗೆ ಒಂದು ಡ್ಯಾಕ್ ಆಗಲೇ ಇದೆ, ಅದರ ಕೆಲಸ ಸಾಮಾನ್ಯವಾಗಿ ಸಾಕಷ್ಟು ಚೆನ್ನಾಗಿರುತ್ತದೆ. ನಾನು ತಂದ ಡ್ಯಾಕ್ ಈಗ ಆಪ್ಟಿಕಲ್ ಕೇಬಲ್‌ನಲ್ಲಿ ಟಿವಿಗೆ ಅಂಟಿಕೊಂಡು ಅತ್ತೆಯ ಧಾರಾವಾಹಿ ಕೇಳಿಸುತ್ತಿದೆ. ಸಬ್‌ವೂಫರ್ ಮಾರಿದೆ.

ಬ್ಯಾಲೆನ್ಸ್ ತಿರುಗಿಸಿ ನೋಡಿ, ಏನಾಯಿತು ಅಂತ ಬರೆಯಿರಿ. ಸೆಲ್ ಮಾತ್ರ ಗೋಡೆ ಗಡಿಯಾರದ್ದು ತೆಗೆಯಬೇಡಿ. ನಾನು ಹಾಡಿನ ಖುಷಿಯಲ್ಲಿ ವಾಪಸ್ ಹಾಕುವುದು ಮರೆತೆ. ಮಾರನೇ ದಿನವೂ ಗಡಿಯಾರ ಆರೂ ನಲವತ್ತೇ ತೋರಿಸುತ್ತಿತ್ತು, ಮಗಳ ಸ್ಕೂಲ್ ಬಸ್ ಹೋಗಿಬಿಟ್ಟಿತ್ತು.