ಆಟದಂಗಳ: ಸಾಮಾನು ಪಟ್ಟಿ ಹೋದರೆ ಪಾತ್ರವೂ ಹೋಯಿತೇ?

ಪ್ರಶ್ನೆ: ‘ಮಾಸ್ ಎಫೆಕ್ಟ್’ ಎಂಬ ಬಾಹ್ಯಾಕಾಶ ವಿಡಿಯೋ ಗೇಮಿನ ಎರಡನೆಯ ಭಾಗ ರೋಲ್‌ಪ್ಲೇಯಿಂಗ್ (ಪಾತ್ರವೇ ತಾನಾಗಿ ಆಡುವ) ಆಟವೇ ಅಲ್ಲ, ಬರೀ ಗುಂಡು ಹಾರಿಸುವ ಆಟ ಎಂದು ನಮ್ಮ ಗೆಳೆಯರಲ್ಲಿ ಅರ್ಧ ಜನರ ವಾದ. ನೀವು ಯಾರ ಕಡೆ?
– ಓದುಗರು, ಕುಂಬಳೆ

ಉಳಿದ ಅರ್ಧದ ಕಡೆ, ಸಂಶಯವೇ ಬೇಡ. ನಿಮ್ಮ ಗೆಳೆಯರ ದೂರಿಗೆ ಆಧಾರವಿದೆ ಎನ್ನುವುದು ನಿಜ. 2007ರ ಮೊದಲ ಭಾಗದಲ್ಲಿ ಬಂದೂಕು, ಕವಚಗಳ ದೊಡ್ಡ ಪಟ್ಟಿಯೇ ಇತ್ತು. 150 ಸಾಮಾನು ತುಂಬಿದರೆ ಕೂತು ಕರಗಿಸಬೇಕಿತ್ತು. 2010ರ ಜನವರಿಯಲ್ಲಿ ತಯಾರಕ ಸಂಸ್ಥೆ ಬಯೋವೇರ್ ಎರಡನೆಯ ಭಾಗವನ್ನು ತಂದಾಗ ಆ ಪಟ್ಟಿ ಪೂರ್ತಿ ಹೋಗಿತ್ತು, ಕೌಶಲಗಳ ಸಂಖ್ಯೆಯೂ ತಗ್ಗಿತ್ತು. ಆದರೆ ಪಾತ್ರ ಇರುವುದು ಸಾಮಾನಿನಲ್ಲಿ ಎಂದು ಯಾರು ಹೇಳಿದರು? ತಾಳಮದ್ದಳೆಯ ಊರಿನವರು ನೀವು. ಕಿರೀಟವಿಲ್ಲದೆ, ಬಣ್ಣವಿಲ್ಲದೆ, ಬಿಳಿ ಪಂಚೆ ಉಟ್ಟು ಕುಳಿತ ಅರ್ಥಧಾರಿಯ ಮಾತಿನಲ್ಲೇ ಕರ್ಣ ಎದ್ದು ನಿಲ್ಲುವುದನ್ನು ಕಂಡವರು.

ಈ ಆಟದ ಕೊನೆಯ ದಾಳಿಯನ್ನು ನೆನಪಿಸಿಕೊಳ್ಳಿ. ಶತ್ರುನೆಲೆಯ ಬಾಗಿಲು ತೆರೆಯಲು ಒಬ್ಬರು ಕಾದ ಕೊಳವೆಯೊಳಗೆ ತೆವಳಿ ಹೋಗಬೇಕು. ‘ನಾನು ಹೋಗುತ್ತೇನೆ’ ಎಂದು ನಿಮ್ಮ ತಂಡದ ಸೈನಿಕ ಜೇಕಬ್ ಮುಂದೆ ಬರುತ್ತಾನೆ. ಧೈರ್ಯಶಾಲಿ, ಆದರೆ ಆ ಕೆಲಸ ಅವನದ್ದಲ್ಲ. ಕಳುಹಿಸಿದಿರೋ, ಬಾಗಿಲು ಮುಚ್ಚುವ ಹೊತ್ತಿಗೆ ಅವನ ಕಥೆ ಮುಗಿಯುತ್ತದೆ. ಟಾಲಿಯಂಥ ಯಂತ್ರತಜ್ಞೆಯನ್ನು ಕಳುಹಿಸಬೇಕು, ಅದೂ ಅವಳ ಸ್ವಂತ ಸಂಕಟಕ್ಕೆ ನೀವು ಮೊದಲೇ ಜೊತೆ ನಿಂತಿದ್ದರೆ, ಇನ್ನೊಂದು ತುಕಡಿಗೆ ತಕ್ಕ ನಾಯಕನನ್ನು ಆರಿಸಿದ್ದರೆ. ಮುಂದೆ ಹಾರುವ ಕೀಟಗಳ ಹಿಂಡಿನಿಂದ ತಂಡವನ್ನು ಕಾಯುವ ಹೊಣೆಗೆ ತಂಡದ ಇನ್ನೊಬ್ಬಳು ಮಿರಾಂಡಾ ತಾನೇ ಸಾಕು ಎನ್ನುತ್ತಾಳೆ. ಅವಳ ಮಾತು ಕೇಳಿದರೆ ಜೊತೆಗಾರರಲ್ಲಿ ಒಬ್ಬರನ್ನು ಹಿಂಡು ಹೊತ್ತೊಯ್ಯುತ್ತದೆ. ಜನರನ್ನು ಬಲ್ಲವನೇ ಇಲ್ಲಿ ಗೆಲ್ಲುತ್ತಾನೆ. ಇದಕ್ಕಿಂತ ಹೆಚ್ಚಿನ ಪಾತ್ರಧಾರಣೆ ಯಾವುದು?

ಮಾರ್ಡಿನ್‌ನನ್ನೂ ಮರೆಯಬೇಡಿ. ಕ್ರೋಗನ್ ಎಂಬ ಅನ್ಯಲೋಕದ ಜನಾಂಗದಲ್ಲಿ ಸಾವಿರ ಬಸಿರಿಗೆ ಒಂದು ಕೂಸು ಉಳಿಯುವಂತೆ ಮಾಡಿದ ರೋಗವನ್ನು ಮತ್ತೆ ಹರಿತಗೊಳಿಸಿದ ವಿಜ್ಞಾನಿ ಅವನು. ಲೆಕ್ಕಾಚಾರ ಸರಿಯಾಗಿತ್ತು ಎಂದು ಪಟಪಟನೆ ವಾದಿಸುವವನು, ಪ್ರಯೋಗಕ್ಕೆ ಒಡ್ಡಿಕೊಂಡು ಸತ್ತ ಕ್ರೋಗನ್ ಹೆಣ್ಣಿನ ಶವದ ಮುಂದೆ ಮೆತ್ತಗಾಗಿ ಪ್ರಾರ್ಥಿಸುತ್ತಾನೆ. ಆಗ ಅವನೊಡನೆ ಏನು ಮಾತಾಡಬೇಕೆಂಬುದು ನಿಮ್ಮ ಕೈಯಲ್ಲಿದೆ. ಮೊದಲ ಭಾಗದ ಯಾವ ಬಂದೂಕೂ ನನಗೆ ಇಷ್ಟು ಕೊಟ್ಟಿಲ್ಲ.

ಪ್ರಶ್ನೆ: ಹಾಗಾದರೆ ಎರಡನೆಯ ಭಾಗದಲ್ಲಿ ದೋಷವೇ ಇಲ್ಲವೇ?
– ಓದುಗರು, ಬದಿಯಡ್ಕ

ಇವೆ. ಗ್ರಹದ ಮೇಲೆ ನಿಧಾನವಾಗಿ ಗುರುತು ಓಡಿಸುತ್ತಾ ಖನಿಜ ಹುಡುಕುವ ಕೆಲಸ ಶುದ್ಧ ಬೇಸರ. ಗುಡ್ಡ ಹತ್ತಿ ಪಲ್ಟಿ ಹೊಡೆಯುತ್ತಿದ್ದ ಹಳೆಯ ಮಾಕೋ ವಾಹನವೇ ವಾಸಿ, ಕಾಲಿಟ್ಟ ನೆಲ ಹೊಸದು ಎಂಬ ಸಂತೋಷವನ್ನಾದರೂ ಅದು ಕೊಡುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಸೆರ್ಬೆರಸ್‌ನದ್ದು. ಮೊದಲ ಭಾಗದಲ್ಲಿ ಸೈನಿಕರನ್ನು ಪ್ರಯೋಗಪಶುಗಳಾಗಿಸಿದ ಸಂಸ್ಥೆ ಅದು. ನೀವು ವಹಿಸುವ ಪಾತ್ರವಾದ, ಸತ್ತುಹೋದ ಶೆಪರ್ಡ್‌ಗೆ ಅದೇ ಸಂಸ್ಥೆ ಜೀವ ಕೊಟ್ಟು ದುಡಿಸಿಕೊಳ್ಳುತ್ತದೆ. ‘ನಿಮ್ಮ ಹಂಗು ಬೇಡ’ ಎಂದು ಆರಂಭದಲ್ಲೇ ಎದ್ದು ಹೋಗಲು ಆಟ ಬಿಡುವುದಿಲ್ಲ. ಆಯ್ಕೆಯ ಹೆಸರಿನಲ್ಲಿ ನಿಂತ ಆಟಕ್ಕೆ ಇದು ತಕ್ಕದ್ದಲ್ಲ. ಕುಂಬಳೆಯ ಆ ಗೆಳೆಯರು ವಾದಿಸುವುದಿದ್ದರೆ ಇದನ್ನು ಹಿಡಿದು ವಾದಿಸಲಿ, ನಾನೂ ದನಿಗೂಡಿಸುತ್ತೇನೆ.

ಪ್ರಶ್ನೆ: ನೇರವಾಗಿ ಎರಡನೆಯದನ್ನೇ ಆಡಬಹುದೇ?
– ವಿದ್ಯಾರ್ಥಿನಿ, ಮಂಜೇಶ್ವರ

ಆಡಬಹುದು, ಆದರೆ ಆಡಬೇಡಿ. 2021ರ ‘ಲೆಜೆಂಡರಿ ಎಡಿಷನ್’ನಲ್ಲಿ ಮೂರೂ ಭಾಗಗಳು ಒಟ್ಟಿಗೇ ಇವೆ. ಮೊದಲ ಭಾಗದಲ್ಲಿ ಕ್ರೋಗನ್ ಜೊತೆಗಾರನಾದ ರೆಕ್ಸ್ ಸಾಯಬಹುದಾದ ಗ್ರಹ ವರ್ಮೈರ್‌ನಲ್ಲಿ ಅವನನ್ನು ಉಳಿಸಿಕೊಂಡು, ಆ ಸೇವ್ (ಉಳಿಸಿಟ್ಟ ಆಟ) ಅನ್ನೇ ಎರಡನೆಯದಕ್ಕೆ ಒಯ್ಯಿರಿ. ಕ್ರೋಗನ್ನರ ತವರು ಗ್ರಹ ಟುಚಾಂಕಾದಲ್ಲಿ ತನ್ನ ಕುಲದ ಗದ್ದುಗೆಯಿಂದ ಇಳಿದು ಬಂದು ಅವನೇ ನಿಮ್ಮನ್ನು ಸ್ವಾಗತಿಸುತ್ತಾನೆ.